ತಾತನ ಜಿಂಕೆ, ಅಮ್ಮನ ಇಂಗು, ನನ್ನ ಎಂಟು ಸೆಕೆಂಡು

ಮೊದಲೇ ಹೇಳ್ಬಿಡ್ತೀನಿ, ನಾನು ಶಿಕಾರಿ ಮಾಡೋನಲ್ಲ. ಮೊಟ್ಟೆ ಕೂಡ ಕೇಕ್ ಒಳಗೆ ಅವಿತ್ಕೊಂಡು ಬಂದ್ರೆ ಮಾತ್ರ ತಿನ್ನೋ ಪೈಕಿ. ಇಂಥವನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಕ್ಕದ್ಮನೆ ತಾತನ ಶಿಕಾರಿ ಜಮೀನಿಗೆ ಕ್ಯಾಮೆರಾ ಉಸ್ತುವಾರಿ ಆಗಿದ್ದು ಹೇಗೆ ಅಂದ್ರೆ, ಒಂದಿನ ಅವ್ರ ಮನೆ ವೈಫೈ ಸರಿ ಮಾಡ್ಕೊಟ್ಟೆ. ಸರಿ ಮಾಡೋದು ಅಂದ್ರೇನು, ರೂಟರ್ ಆಫ್ ಮಾಡಿ ಆನ್ ಮಾಡಿದೆ ಅಷ್ಟೇ. ಅವತ್ತಿಂದ ತಾತನ ಕಣ್ಣಲ್ಲಿ ನಾನು ವಿಶ್ವೇಶ್ವರಯ್ಯನವರ ಲೆವೆಲ್ಲಿಗೆ ಹೋಗ್ಬಿಟ್ಟೆ.

ತಾತಂಗೆ ರಾಜಧಾನಿ ಮ್ಯಾಡಿಸನ್ನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದಲ್ಲಿ 40 ಎಕರೆ ಜಮೀನಿದೆ. ಇಲ್ಲಿ ಅದನ್ನ ಬರೀ 'ಫಾರ್ಟಿ' ಅಂತಾರೆ, 640 ಎಕರೆಯ ಒಂದು ಚದರ ಮೈಲಿನ ಹದಿನಾರು ಭಾಗ ಮಾಡಿದ್ರೆ ಒಂದು ಭಾಗ. ಗುಡ್ಡದ ಮೇಲೆ ಓಕ್ ಮರಗಳು, ಕೆಳಗೆ ಒಂದೈದಾರು ಎಕರೆ ಕುದುರೆಮೆಂತೆ ಹೊಲ, ಹೊಲದಾಚೆ ಪಕ್ಕದೋರ ಮೆಕ್ಕೆಜೋಳ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಜಿಂಕೆ ಶಿಕಾರಿಯ ಬಂದೂಕು ಸೀಸನ್ ಶುರು, ಒಂಬತ್ತು ದಿನ. ಐದು ಲಕ್ಷಕ್ಕೂ ಜಾಸ್ತಿ ಜನ ಲೈಸೆನ್ಸ್ ತಗೊಂಡು ಕಾಡಿಗೆ ಇಳೀತಾರೆ, ಆಫೀಸಲ್ಲಿ ಅರ್ಧ ಕುರ್ಚಿ ಖಾಲಿ, ಊರ ಜಾತ್ರೆ ದಿನ ಸ್ಕೂಲಲ್ಲಿ ಹಾಜರಿ ಹೇಗಿರುತ್ತೋ ಹಾಗೆ. ಒಬ್ರನ್ನೊಬ್ರು ಜಿಂಕೆ ಅಂದ್ಕೊಂಡು ಹೊಡೀಬಾರ್ದು ಅಂತ ಎಲ್ರೂ ಕಣ್ಣು ಕುಕ್ಕೋ ಕಿತ್ತಳೆ ಬಣ್ಣದ ಬಟ್ಟೆ ಹಾಕ್ಬೇಕು ಅನ್ನೋದು ಕಾನೂನು. 2016ರಲ್ಲಿ ಗುಲಾಬಿನೂ ಓಕೆ ಅಂದ್ರು, ಆದ್ರೆ ತಾತ ಗುಲಾಬಿಗೆ ಒಪ್ಪಲ್ಲ.

ತಾತನ ಸಮಸ್ಯೆ ಏನು ಅಂದ್ರೆ, ಜಿಂಕೆ ಇದೆ, ಆದ್ರೆ ಎಲ್ಲಿಂದ ಬರುತ್ತೆ ಯಾವಾಗ ಬರುತ್ತೆ ಗೊತ್ತಿಲ್ಲ. ಜೋಳದ ರಾಶಿ ಸುರಿದು ಕಾಯೋಣ ಅಂದ್ರೆ ಅದೂ ಇಲ್ಲ, ಜಿಂಕೆಗಳ ಮೆದುಳು ತಿನ್ನೋ ಒಂದು ರೋಗ 2002ರಲ್ಲಿ ಈ ರಾಜ್ಯದಲ್ಲಿ ಕಾಣಿಸ್ಕೊಂಡಿದೆ, ಒಂದೇ ರಾಶಿಗೆ ಹತ್ತು ಜಿಂಕೆ ಬಾಯಿ ಹಾಕಿದ್ರೆ ರೋಗ ಹರಡುತ್ತೆ ಅಂತ ಆ ಕಡೆ ಜಿಲ್ಲೆಗಳಲ್ಲಿ ಮೇವು ಹಾಕೋದು ನಿಷೇಧ. ಮರಕ್ಕೆ ಕಟ್ಟೋ ಮಾಮೂಲಿ ಟ್ರೇಲ್ ಕ್ಯಾಮೆರಾ ಎರಡಿದ್ವು. ಅವು ಬಿಸಿ ಮೈ ಅಲ್ಲಾಡಿದ್ರೆ ಕ್ಲಿಕ್ ಅನ್ನೋವು, ಅದೂ ಅರವತ್ತು ಎಂಬತ್ತು ಅಡಿ ಒಳಗೆ. ಹೊಲದ ಆ ಮೂಲೆಯಿಂದ ಮೆರವಣಿಗೆ ಹೋದ್ರೂ ಅವಕ್ಕೆ ಗೊತ್ತಾಗಲ್ಲ. ಅದಕ್ಕೆ ತಾತ ಒಂದು ಟೈಮ್‌ಲ್ಯಾಪ್ಸ್ ಕ್ಯಾಮೆರಾ ತಂದ್ರು. ಇದು ಯಾರು ಬರ್ಲಿ ಬಿಡ್ಲಿ, ನಮ್ಮ ಆಫೀಸ್ ಮ್ಯಾನೇಜರ್ ಥರ, ಹತ್ತು ಸೆಕೆಂಡಿಗೊಂದು ಸಲ ಇಡೀ ಹೊಲ ನೋಡಿ ಫೋಟೋ ಹಿಡಿಯುತ್ತೆ. ಬೆಳಿಗ್ಗೆ ಎರಡೂವರೆ ಗಂಟೆ ಸಂಜೆ ಎರಡೂವರೆ ಗಂಟೆ ಇಟ್ರೆ ದಿನಕ್ಕೆ 1800 ಫೋಟೋ, ಸೆಕೆಂಡಿಗೆ 30ರಂತೆ ಓಡಿಸಿದ್ರೆ ಇಡೀ ದಿನ ಒಂದೇ ನಿಮಿಷದಲ್ಲಿ ಮುಗೀತು.

'ನೀನು ಸೆಟ್ ಮಾಡ್ಕೊಡು, ಕಂಪ್ಯೂಟರ್ ಹುಡುಗ' ಅಂದ್ರು. ನಂಗೆ ನಲವತ್ತೆರಡು ವರ್ಷ. ಹುಡುಗ ಅಂದಿದ್ದಕ್ಕೇ ಬಿದ್ದೋದೆ ಅನ್ಸುತ್ತೆ.

ನನ್ನ ಹೆಂಡ್ತಿ ಮಾತ್ರ ಅವತ್ತೇ ಹೇಳಿದ್ಲು, 'ರೀ, ರಾಮಾಯಣದಿಂದ ಇಲ್ಲೀವರೆಗೆ ಜಿಂಕೆ ಹಿಂದೆ ಹೋದೋರು ಯಾರಾದ್ರೂ ನೆಮ್ಮದಿಯಾಗಿ ಮನೆಗೆ ಬಂದಿದಾರಾ?'

ಸೆಪ್ಟೆಂಬರ್ ಕೊನೇಲಿ ಹೋಗಿ ಕ್ಯಾಮೆರಾ ಕಟ್ಟಿದೆ. ಬೆಲ್ಟ್ ಬಿಗಿದೆ, ಕಾರ್ಡ್ ಹಾಕ್ದೆ, ಟೈಮ್ ಸೆಟ್ ಮಾಡ್ದೆ, ಮರಕ್ಕೊಂದು ನಮಸ್ಕಾರನೂ ಹಾಕ್ದೆ. ಎರಡು ವಾರ ಬಿಟ್ಟು ಕಾರ್ಡ್ ತಂದು ತಾತನ ಟೀವಿಗೆ ಹಾಕಿದ್ರೆ, ಪ್ರತಿ ದಿನದ್ದೂ ಒಂದೇ ಕಥೆ. ಒಂದತ್ತು ಸೆಕೆಂಡ್ ಮಬ್ಬು ಬೆಳಕು, ಅದರಲ್ಲಿ ಹೊಲದ ಅಂಚಲ್ಲಿ ನಾಲ್ಕೈದು ಕಂದು ಚುಕ್ಕೆ, ಆಮೇಲೆ ಟಾಕೀಸಲ್ಲಿ ಕರೆಂಟ್ ಹೋದಂಗೆ ಕತ್ತಲೆ. ಮೂಲೇಲಿ ಬರೆದಿರೋ ಟೈಮ್ ನೋಡಿದ್ರೆ ಬೆಳಿಗ್ಗೆ ಏಳೂಕಾಲು.

ತಾತ ಹದಿನಾಲ್ಕು ದಿನದ ಹದಿನಾಲ್ಕು ನಿಮಿಷ ಕತ್ತಲೇನ ಒಂದು ಮಾತಾಡ್ದೆ ಪೂರ್ತಿ ನೋಡಿದ್ರು. ಕೊನೆಗೆ ನನ್ನ ಕಡೆ ತಿರುಗಿ ಬಹಳ ಗೌರವದಿಂದ ಕೇಳಿದ್ರು, 'ನಿಮ್ಮ ದೇಶದಲ್ಲಿ ಬೆಳಿಗ್ಗೆ ಏಳೂಕಾಲಿಗೆ ಸೂರ್ಯ ಮುಳುಗ್ತಾನಾ?'

ಎಎಮ್ಮು ಪಿಎಮ್ಮು ಅದಲುಬದಲಾಗಿತ್ತು. ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸನೇ ಬೇರೆ ಬೇರೆ ದೇಶದ ಸರ್ವರ್‌ಗಳ ಟೈಮ್ ಜೋನ್ ಹೊಂದಿಸೋದು, ಇದನ್ನ ಯಾರಿಗೆ ಹೇಳ್ಕೊಳ್ಳಿ.

ಸರಿ, ಅದನ್ನ ತಿದ್ದಿದೆ. ಹೋದೋನು ಸುಮ್ನೆ ಬರಬಾರ್ದಾ, ಕ್ಯಾಮೆರಾ ಕಟ್ಟಿರೋ ದಿಕ್ಕು ನಂಗೆ ಸರಿ ಕಾಣ್ಲಿಲ್ಲ, ಯಾವುದೋ ಮೂಲೆಗೆ ಮುಖ ಮಾಡಿತ್ತು, ಒಳ್ಳೆ ಕೆಲಸ ಪೂರ್ವಾಭಿಮುಖವಾಗಿರ್ಲಿ ಅಂತ ತಿರುಗಿಸಿ ಕಟ್ಟಿ ಬಂದೆ. ಮುಂದಿನ ವಾರದ ಕಾರ್ಡಲ್ಲಿ ಪ್ರತಿ ದಿನ ಬೆಳಿಗ್ಗೆ ಸೂರ್ಯನಾರಾಯಣ ಸೀದಾ ಲೆನ್ಸ್ ಒಳಗೇ ಉದಯಿಸಿದ್ದ. ಏಳೂಕಾಲಿಂದ ಎಂಟು ಗಂಟೆವರೆಗೆ ಬರೀ ಬಿಳಿ, ಜಿಂಕೆ ಸಂಜೆ ಬಿಟ್ರೆ ಓಡಾಡೋ ಮುಖ್ಯ ಹೊತ್ತೇ ಅದು. ಈ ಕ್ಯಾಮೆರಾಗಳನ್ನ ಉತ್ತರಕ್ಕೆ ಮುಖ ಮಾಡಿ ಕಟ್ಬೇಕು, ಬಿಸಿಲು ಯಾವತ್ತೂ ನೇರ ಬೀಳಲ್ಲ ಅಂತ ಇಲ್ಲಿ ಸ್ಕೂಲ್ ಹುಡುಗ್ರಿಗೂ ಗೊತ್ತಂತೆ. ಉತ್ತರಕ್ಕೆ ತಲೆ ಹಾಕ್ಬಾರ್ದು ಅಂತ ಬೆಳೆಸಿದ ಹುಡುಗನಿಗೆ ಇದು ಹೆಂಗೆ ಹೊಳೀಬೇಕು.

ಇಷ್ಟೊತ್ತಿಗೆ ನಂಗೂ ಒಂದು ಹಠ ಹಿಡಿದಿತ್ತು. ರಾತ್ರಿ ಕೂತು ಓದೋಕೆ ಶುರು ಮಾಡ್ದೆ. ಪಕ್ಕದ ಮಿಷಿಗನ್ ರಾಜ್ಯದ ಒಂದು ಕೆರೆ ಹತ್ರ ಜಾರ್ಜ್ ಶಿರಾಸ್ ಅಂತ ಒಬ್ರು, ಸಂಸದರಾಗಿದ್ದೋರು, ನೂರು ವರ್ಷಕ್ಕೂ ಹಿಂದೆ ಜಿಂಕೆ ದಾರೀಲಿ ತಂತಿ ಕಟ್ಟಿ, ಜಿಂಕೆ ಕಾಲು ತಾಗಿದ್ರೆ ಮದ್ದಿನ ಪುಡಿ ಭುಗ್ ಅಂತ ಹತ್ಕೊಂಡು ಫೋಟೋ ಬೀಳೋ ಹಾಗೆ ಮಾಡಿದ್ರು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವ್ರ 74 ಫೋಟೋ ಹಾಕ್ತು. ಎಎಮ್ಮು ಪಿಎಮ್ಮು ತೊಂದ್ರೆ ಇಲ್ಲ, ಪೂರ್ವ ಪಶ್ಚಿಮದ ತೊಂದ್ರೆ ಇಲ್ಲ, ರೆಪ್ಪೆ ಕೂದಲು ಸುಡದೇ ಇದ್ರೆ ಸಾಕು. ನಮ್ಮ ನಾಗರಹೊಳೇಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಇದು ಈ ಹುಲಿ ಅದು ಆ ಹುಲಿ ಅಂತ ಲೆಕ್ಕ ಹಾಕಿದ್ರು. ಅದೇ ಕರ್ನಾಟಕದಿಂದ ಬಂದ ನಾನು ಐದೆಕರೆ ಹೊಲದಲ್ಲಿ ಒಂದು ಜಿಂಕೆ ಹಿಡಿಯೋಕಾಗ್ದೆ ಸೂರ್ಯೋದಯದ ಫೋಟೋ ತೋರಿಸ್ಕೊಂಡು ಕೂತಿದೀನಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ತಾತ ಕಾರ್ಡ್ ಬದಲಾಯಿಸೋಕೆ ಕೆಲವು ರೂಲ್ಸ್ ಹಾಕಿದ್ರು. ಹನ್ನೊಂದರ ಮೇಲೆ ಹೋಗು, ಅಷ್ಟೊತ್ತಿಗೆ ಜಿಂಕೆ ಕಾಡೊಳಗೆ ಮಲಗಿರುತ್ತೆ. ರಬ್ಬರ್ ಬೂಟು ಹಾಕ್ಕೋ. ಸೆಂಟು ಹಾಕ್ಬೇಡ, ವಾಸನೆ ಇರೋ ಸೋಪು ಬೇಡ, ಜಿಂಕೆ ಮೂಗಿಗೆ ಎಲ್ಲಾ ಗೊತ್ತಾಗುತ್ತೆ. ಅಕ್ಟೋಬರ್ ಕೊನೇಲಿ ಒಂದು ಶನಿವಾರ ಹನ್ನೊಂದಕ್ಕೆ ಮಗಳ ಕನ್ನಡ ಕ್ಲಾಸ್ ಇತ್ತು, ಹಾಗಾಗಿ ಬೆಳಿಗ್ಗೆ ಆರಕ್ಕೇ ಹೊರಟು ಏಳೂವರೆಗೆ ಹೊಲದಲ್ಲಿದ್ದೆ, ಅದೂ ಹಿಂದಿನ ರಾತ್ರಿ ಪುಳಿಯೋಗರೆಗೆ ಒಗ್ಗರಣೆ ಹಾಕೋವಾಗ ಹಾಕ್ಕೊಂಡಿದ್ದ ಅದೇ ಜಾಕೆಟ್ ಹಾಕ್ಕೊಂಡು. ಇಂಗಿನ ಘಮ ನಂಗೇ ಹೊಡೀತಿತ್ತು.

ಕ್ಯಾಮೆರಾ ಇನ್ನೂ ಮುಟ್ಟಿಲ್ಲ, ಅಮ್ಮನ ಫೋನು. ಅಲ್ಲಿ ಸಂಜೆ ಆರು, ದೀಪ ಹಚ್ಚಿ ಸೀರಿಯಲ್ ಶುರುವಾಗೋ ಮುಂಚೆ ಮಗನ್ನ ವಿಚಾರಿಸ್ಕೊಳ್ಳೋ ಹೊತ್ತು. ಆ ಕಣಿವೇಲಿ ಸಿಗ್ನಲ್ ಸಿಗೋದು ಒಂದೇ ಜಾಗದಲ್ಲಿ, ಹೊಲದ ನಟ್ಟನಡುವೆ ಸ್ವಲ್ಪ ದಿಣ್ಣೆ ಇದೆಯಲ್ಲ ಅಲ್ಲಿ. ಅಲ್ಲಿಗೆ ಓಡ್ದೆ.

'ಎಲ್ಲಿದೀಯೋ, ಗಾಳಿ ಸದ್ದು ಬರ್ತಿದೆ?'

'ಹೊಲದಲ್ಲಿದೀನಮ್ಮ. ಜಿಂಕೆ ಬರುತ್ತಾ ಅಂತ ನೋಡೋಕೆ ಕ್ಯಾಮೆರಾ ಇಟ್ಟಿದೀವಿ.'

ನಮ್ಮೂರು ಮಧುಗಿರಿ ತಾಲ್ಲೂಕು, ಮೈದನಹಳ್ಳಿ ಕಡೆ. ಕೃಷ್ಣಮೃಗದ ಹಿಂಡು ಕಡ್ಲೆಕಾಯಿ ಹೊಲಕ್ಕೆ ಇಳಿದ್ರೆ ರಾತ್ರಿಯೆಲ್ಲಾ ತಗಡು ಬಡಿದು ಓಡ್ಸೋ ಊರು. ಅಮ್ಮ ಒಂದು ಕ್ಷಣ ಸುಮ್ನಿದ್ದು, 'ಅಲ್ಲ ಕಣೋ, ನಿಮ್ಮಪ್ಪ ಜೀವ್ಮಾನವೆಲ್ಲಾ ಬರ್ಬೇಡಿ ಬರ್ಬೇಡಿ ಅಂತ ತಗಡು ಬಡಿದ್ರು, ನೀನು ಅಷ್ಟು ದೂರ ಹೋಗಿ ಓದಿ ಬರ್ಲಿ ಬರ್ಲಿ ಅಂತ ಕಾಯ್ತಿದೀಯಾ?' ಅಂದ್ಳು. ಅಲ್ಲಿಂದ ಶುರುವಾಗಿದ್ದು ಬೋರ್‌ವೆಲ್ಲು, ಚಿಕ್ಕಪ್ಪನ ಮಗನ ಮದ್ವೆ, ಸೈಟಿನ ಖಾತೆ, ನನ್ನ ಹೊಟ್ಟೆ, ಎಲ್ಲಾ ಮುಗಿಯೋಕೆ ನಲವತ್ತು ನಿಮಿಷ. ಫೋನಲ್ಲಿ ಮಾತಾಡ್ತಾ ನಾನು ನಿಂತ್ಕೊಳ್ಳೋನಲ್ಲ, ಓಡಾಡ್ತಾ ಇರ್ತೀನಿ, ಕೈ ಬೇರೆ ಆಡಿಸ್ತೀನಿ. ಆಮೇಲೆ ಕಾರ್ಡ್ ತೆಗೆದು ಬೇರೆ ಹಾಕಿ ಮನೆಗೆ ಬಂದೆ. ತಾತ ಕೇಳಿದ್ರು, ಮಧ್ಯಾಹ್ನ ಹೋಗಿದ್ಯಾ? ಹೂಂ ಅಂದೆ.

ಕಾರ್ಡು ಆ ಕ್ಷಣದವರೆಗೂ ಕ್ಯಾಮೆರಾ ಒಳಗೇ ಇತ್ತು ಅನ್ನೋದು ನಂಗೆ ಹೊಳೀಲೇ ಇಲ್ಲ.

ಭಾನುವಾರ ತಾತನ ಮನೇಲಿ ಮಗ, ಅಳಿಯ, ಮೊಮ್ಮಕ್ಕಳು ಎಲ್ಲಾ ಸೇರಿದ್ರು. ಅವ್ರಿಗೆ ಬಿಯರ್, ನಂಗೆ ಕರಿದ ಚೀಸ್ ತುಂಡು. ಟೀವಿ ಹಚ್ಚಿದ್ವಿ. ಈ ಸಲ ಬೆಳಕು ಚೆನ್ನಾಗಿತ್ತು, ಉತ್ತರ ದಿಕ್ಕು, ಎಲ್ರೂ ಬೆನ್ನು ತಟ್ಟಿದ್ರು. ಕೊನೇ ದಿನ ಬಂತು. ಹೊಲದ ನಡುವೆ ಪುಸಕ್ಕಂತ ಒಂದು ಆಕಾರ ಪ್ರತ್ಯಕ್ಷ ಆಗಿ, ಬೆಲ್ಲಕ್ಕೆ ಮುತ್ತಿದ ಇರುವೆ ಥರ ಗಿರಗಿರ ಸುತ್ತೋಕೆ ಶುರು ಮಾಡ್ತು. ಒಂದು ಕೈ ಕಿವಿ ಹತ್ರ, ಇನ್ನೊಂದು ಕೈ ಆಕಾಶದಲ್ಲಿ ಚಟಚಟ ಅಂತ. ನಲವತ್ತು ನಿಮಿಷ, 240 ಫೋಟೋ, ಎಂಟು ಸೆಕೆಂಡು. ಟೈಮ್ ಬೆಳಿಗ್ಗೆ 7:34 ಅಂತ ಸ್ಪಷ್ಟವಾಗಿ. ಈ ಸಲ ಎಎಮ್ ಪಿಎಮ್ ಎರಡೂ ಸರಿಯಾಗೇ ಸೆಟ್ ಮಾಡಿದ್ದೆ, ನನ್ನ ಗ್ರಹಚಾರ.

ಮೊಮ್ಮಗ 'ನಿಲ್ಸಿ ನಿಲ್ಸಿ' ಅಂತ ಕಿರುಚ್ದ. ಹಿಂದಕ್ಕೆ ಹಾಕಿ ಒಂದೊಂದೇ ಫೋಟೋ ನೋಡಿದ್ರೆ, ನಾನು ಯಾರಿಗೋ ಭಾಷಣ ಮಾಡ್ತಿರೋ ಭಂಗಿಯಲ್ಲಿದೀನಿ, ನನ್ನ ಬೆನ್ನ ಹಿಂದೆ ಒಂದೈವತ್ತು ಹೆಜ್ಜೆ ದೂರದಲ್ಲಿ ಕಾಡಿನ ಅಂಚಲ್ಲಿ ತಾತ ಮೂರು ವರ್ಷದಿಂದ ಹುಡುಕ್ತಿದ್ದ ಗಂಡು ಜಿಂಕೆ, ಹತ್ತು ಕವಲಿನ ಕೊಂಬು. ಓಡ್ತಿಲ್ಲ. ಬಾಲ ಎತ್ತಿಲ್ಲ. ಬೆದರಿದ್ರೆ ಬಾಲ ಎತ್ತಿ ಬಿಳಿ ತೋರಿಸ್ಬೇಕು ಅದು. ನಮ್ಮನೆ ಸೈಟಿನ ಖಾತೆ ವಿಷಯ ಹನ್ನೊಂದು ಫೋಟೋ ಉದ್ದಕ್ಕೂ ನಿಂತು ಕೇಳಿಸ್ಕೊಂಡು, ಆಮೇಲೆ ಸಾವಕಾಶ ಮೇಯ್ಕೊಂಡು ಹೋಗಿದೆ.

ನಾನು ಸುಳ್ಳು ಹೇಳಿದ್ದನ್ನ ಯಾರೂ ಎತ್ಲೇ ಇಲ್ಲ, ನಗೋದ್ರಲ್ಲೇ ಬಿಜಿ. ಆ ಎಂಟು ಸೆಕೆಂಡನ್ನ ಅವತ್ತು ಏಳು ಸಲ ಹಾಕಿದ್ರು. ಆಮೇಲೆ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬಂದ ನೆಂಟ್ರಿಗೆಲ್ಲಾ ತೋರಿಸಿದ್ರು ಅಂತ ಕೇಳ್ಪಟ್ಟೆ. ತಾತ ಮಾತ್ರ ಗಂಭೀರವಾಗಿ ನನ್ನ ಜಾಕೆಟ್ ಇಸ್ಕೊಂಡು ಮೂಸಿ, 'ಇದೇನು?' ಅಂದ್ರು. ಇಂಗು ಅಂದೆ. 'ಇದೇ. ಇದ್ರಿಂದ್ಲೇ ಅದು ಹೆದರಿಲ್ಲ. ನಂಗೊಂಚೂರು ಬೇಕು.'

ಅಮ್ಮ ಊರಿಂದ ಕಳಿಸಿದ್ದ ಡಬ್ಬಿಯಿಂದ ಎರಡು ಚಿಟಿಕೆ ಕೊಟ್ಟೆ. ಹೆಂಡ್ತಿ ಮುಖ ನೋಡ್ಬೇಕಿತ್ತು, ಸಾರಿಗೇ ಅಳೆದು ಅಳೆದು ಹಾಕೋಳು ಅವ್ಳು.

ಸೀಸನ್ ಮೊದಲ ದಿನ ತಾತ ಬೂಟಿಗೆ ಇಂಗು ಸವರ್ಕೊಂಡು, ಕಿತ್ತಳೆ ಕೋಟು ಹಾಕ್ಕೊಂಡು ಮರದ ಮೇಲಿನ ಅಟ್ಟಣೆ ಹತ್ತಿದ್ರು. ಸಂಜೆ ಬರಿಗೈಲಿ ಬಂದ್ರು. 'ಕಣ್ಣು ಮಿಟುಕಿಸ್ದೆ ಕೂತಿದ್ದೆ, ಒಂದು ಇಲಿ ಕೂಡ ಬರ್ಲಿಲ್ಲ. ನಿನ್ನ ಪುಡಿ ಕೆಲಸ ಮಾಡ್ಲಿಲ್ಲ' ಅಂದ್ರು. ಒಂಬತ್ತೂ ದಿನ ಅಷ್ಟೇ. ಅಮ್ಮಂಗೆ ಇದನ್ನ ಹೇಳೋ ಧೈರ್ಯ ನಂಗೆ ಬರ್ಲಿಲ್ಲ.

ಡಿಸೆಂಬರ್ ಮೊದಲ ವಾರ ಕ್ಯಾಮೆರಾ ಬಿಚ್ಕೊಂಡು ಬಂದು ಕೊನೇ ಕಾರ್ಡ್ ನಾನೊಬ್ನೇ ಕೂತು ನೋಡ್ದೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರನೆಲ್ಲಾ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಕ್ಯಾಮೆರಾದ್ದು ತಿರುಗ್ಸೋದು ಮರೆತಿದ್ದೆ (ಗೊತ್ತಿತ್ತು ನಿಮ್ಗೆ), ಹಾಗಾಗಿ ಅದರಲ್ಲಿ 8:25 ಅಂದ್ರೆ ನಿಜವಾಗ್ಲೂ 7:25. ಸೀಸನ್ ಮೊದಲ ದಿನ. ಚೌಕಟ್ಟಿನ ಎಡಗಡೆ ಮೂಲೇಲಿ ಓಕ್ ಮರ, ಅದರಲ್ಲಿ ಒಂದು ಕಿತ್ತಳೆ ಚುಕ್ಕೆ. ಮಿಕ್ಕ ಹೊತ್ತೆಲ್ಲಾ ಆ ಚುಕ್ಕೆ ಆಚೆ ಈಚೆ ಅಲ್ಲಾಡುತ್ತೆ. 7:10ರಿಂದ ಸುಮಾರು ಅರ್ಧ ಗಂಟೆ ಅಲ್ಲಾಡೋದೇ ಇಲ್ಲ, ಸ್ವಲ್ಪ ಒಂದು ಕಡೆ ವಾಲಿ, ಸೇಫ್ಟಿ ಬೆಲ್ಟಿಗೆ ಜೋತ್ಕೊಂಡು, ಟೋಪಿ ಎದೆ ಮೇಲೆ. 7:25ಕ್ಕೆ ಆ ಮರದ ಬುಡದಲ್ಲೇ ಹತ್ತು ಕವಲಿನ ಕೊಂಬು ಹಾದು ಹೋಗುತ್ತೆ. ನಾಲ್ಕು ಫೋಟೋ. ಮೂರನೇದ್ರಲ್ಲಿ ಅದು ನಿಂತು, ಮೂಗು ಮೇಲಕ್ಕೆತ್ತಿ ತಾತನ ಬೂಟಿನ ಕಡೆ ಮೂಸ್ತಾ ಇದೆ.

ಹೆಂಡ್ತಿ 'ಪಾಪ, ವಯಸ್ಸಾದೋರು, ಡಿಲೀಟ್ ಮಾಡಿ' ಅಂದ್ಲು. ಕಾರ್ಡಿಂದ ಡಿಲೀಟ್ ಮಾಡಿ ತಾತಂಗೆ ವಾಪಸ್ ಕೊಟ್ಟೆ. ಮೂರನೇ ಫೋಟೋ ಮಾತ್ರ ಅಮ್ಮಂಗೆ ವಾಟ್ಸಾಪ್ ಮಾಡಿದೀನಿ, 'ನಿನ್ನ ಇಂಗಿನ ಡಬ್ಬಿ' ಅಂತ ಬರೆದು. ಈಗ ಅದು ಮಧುಗಿರಿ ತುಂಬಾ ಓಡಾಡ್ತಿದೆಯಂತೆ.