ಇಡೀ ಆಕಾಶ ಖಾಲಿ ಇದೆ, ನಮ್ಮ ಲೆನ್ಸ್ ಮುಂದೆ ಯಾಕೆ ಸ್ವಾಮಿ?

ಡ್ರೋನ್‌ನವರ ಮೇಲೆ ನಮಗೇನೂ ಕೋಪ ಇಲ್ಲ ಅಂತ ಶುರು ಮಾಡೋದು ಮರ್ಯಾದೆ. ಇವತ್ತು ಆ ಮರ್ಯಾದೆ ಮುಗಿದಿದೆ. ಕೋಪ ಇದೆ, ಚೆನ್ನಾಗೇ ಇದೆ.

ಬೆಂಗಳೂರಲ್ಲಿ ಯಾವ ಕೆರೆ ಏರಿಗಾದರೂ ಭಾನುವಾರ ಬೆಳಗ್ಗೆ ಹೋಗಿ ನೋಡಿ. ಕತ್ತಲಿರುವಾಗಲೇ ಬಂದ ನಮ್ಮಂಥ ಫೋಟೋ ತೆಗೆಯುವವರು ಟ್ರೈಪಾಡ್ ಊರಿಕೊಂಡು ಪೂರ್ವಕ್ಕೆ ಮುಖ ಮಾಡಿ ಸಾಲಾಗಿ ನಿಂತಿರುತ್ತಾರೆ. ಸರಿಯಾಗಿ ಆಕಾಶ ಕೆಂಪಾಗುವ ಹೊತ್ತಿಗೆ ಒಬ್ಬ ಮಹಾನುಭಾವ ಬಂದು, ಸಾಲಿನ ಮುಂದೆಯೇ ಬ್ಯಾಗ್ ಬಿಚ್ಚಿ, ಯಾರನ್ನೂ ಒಂದು ಮಾತು ಕೇಳದೆ ಡ್ರೋನ್ ಎಬ್ಬಿಸುತ್ತಾನೆ. ಅದು ಸೀದಾ ಮುಂದೆ ಹೋಗಿ ಸೂರ್ಯ ಹುಟ್ಟುವ ಜಾಗದಲ್ಲೇ ಗುಂಯ್ ಅಂತ ನಿಲ್ಲುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: ‘ಪಬ್ಲಿಕ್ ಪ್ಲೇಸ್ ಅಲ್ವಾ ಸಾರ್?’

ಹೌದಪ್ಪಾ, ಪಬ್ಲಿಕ್ ಪ್ಲೇಸೇ. ಆದರೆ ಆ ಹೊತ್ತಿನ ಲೆಕ್ಕ ಸ್ವಲ್ಪ ಕೇಳಿ. ನಮ್ಮ ಊರಲ್ಲಿ ಸೂರ್ಯನ ಬಿಂಬ ಅಂಚು ಕಾಣಿಸಿದಾಗಿನಿಂದ ಪೂರ್ತಿ ಮೇಲೆ ಬರಲು ಸುಮಾರು ಎರಡೂಕಾಲು ನಿಮಿಷ. ಅದಕ್ಕೂ ಮುಂಚಿನ ನಸುಕಿನ ಒಳ್ಳೆ ಬಣ್ಣ ಇಪ್ಪತ್ತು ಚಿಲ್ಲರೆ ನಿಮಿಷ. ನಾವಿರೋದು ಸಮಭಾಜಕದ ಹತ್ತಿರ, ಸೂರ್ಯ ಇಲ್ಲಿ ಹೆಚ್ಚೂಕಡಿಮೆ ನೆಟ್ಟಗೆ ಏರುತ್ತಾನೆ, ಯುರೋಪಿನ ಥರ ಗಂಟೆಗಟ್ಟಲೆ ಎಳೆಯೋದಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ನೀರು ನುಣ್ಣಗೆ ಕಾಣಲಿ ಅಂತ 30 ಸೆಕೆಂಡ್ ಶಟರ್ ತೆರೆದಿಟ್ಟರೆ, ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿ ಕಾಳು ಕಾಳು ಬರದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದಾಗ ಅದು ಇನ್ನೊಂದು 30 ಸೆಕೆಂಡ್ ತಗೊಳ್ಳುತ್ತೆ. ಅಂದರೆ ಒಂದು ಫ್ರೇಮಿಗೆ ಒಂದು ನಿಮಿಷ, ಇಡೀ ಬೆಳಗ್ಗೆಗೆ ಹೆಚ್ಚೆಂದರೆ ಇಪ್ಪತ್ತು ಫ್ರೇಮು. ನಿಮ್ಮ ಡ್ರೋನ್ ಕೆಂಪು ಹಸಿರು ಮಿಣುಕುತ್ತಾ ಆ 30 ಸೆಕೆಂಡಲ್ಲಿ ಅಡ್ಡ ಹಾದುಹೋದರೆ ಫೋಟೋದಲ್ಲಿ ಚುಕ್ಕಿ ಬೀಳೋದಲ್ಲ, ಈ ಕಡೆಯಿಂದ ಆ ಕಡೆಗೆ ಗೆರೆ ಎಳೆಯುತ್ತೆ. ನಿಂತ ನೀರಿದ್ದರೆ ಅದರ ಪ್ರತಿಬಿಂಬದ್ದು ಇನ್ನೊಂದು ಗೆರೆ.

‘ಫೋಟೋಶಾಪಲ್ಲಿ ಅಳಿಸಿಬಿಡಿ’ ಅನ್ನುವವರು ಯಾವತ್ತೂ ಅಳಿಸಿದವರಲ್ಲ. ಬರೀ ನೀಲಿ ಆಕಾಶದಲ್ಲಿದ್ದರೆ ಒಂದು ಕ್ಲಿಕ್, ಒಪ್ಪುತ್ತೇನೆ. ಮೋಡದ ಅಂಚಲ್ಲಿ, ಜಾಲಿ ಕೊಂಬೆಗಳ ನಡುವೆ, ನೀರಿನ ಮೇಲಿನ ಹೊಳಪಲ್ಲಿ ಆ ಗೆರೆ ತೆಗೆಯೋಕೆ ಕೂತರೆ ಅರ್ಧ ಗಂಟೆ ಹೋಗುತ್ತೆ, ಆಮೇಲೂ ತೇಪೆ ಕಾಣುತ್ತೆ. ಟೈಮ್‌ಲ್ಯಾಪ್ಸ್ (ಬಿಡಿ ಫೋಟೋಗಳನ್ನು ಜೋಡಿಸಿ ವಿಡಿಯೋ) ಮಾಡುವವರ ಪಾಡು ಇನ್ನೂ ಕೆಟ್ಟದ್ದು. ಐದು ಸೆಕೆಂಡಿಗೊಂದರಂತೆ ಅರ್ಧ ಗಂಟೆ ಹೊಡೆದರೆ 360 ಫ್ರೇಮ್, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಬರೀ 15 ಸೆಕೆಂಡ್ ವಿಡಿಯೋ. ಡ್ರೋನ್ ಐದು ನಿಮಿಷ ಎದುರಿಗಿದ್ದರೆ 60 ಫ್ರೇಮ್ ಕೆಟ್ಟವು, ಎರಡೂವರೆ ಸೆಕೆಂಡ್ ಕಾಲ ಸೊಳ್ಳೆಯೊಂದು ಪರದೆ ಮೇಲೆ ಕುಣಿಯುತ್ತದೆ. ನಡುವಿನ ಅಷ್ಟನ್ನು ಕತ್ತರಿಸಿದರೆ ಮೋಡ ಜಿಗಿಯುತ್ತೆ.

‘ಅಷ್ಟು ಚಿಕ್ಕದು, ಎಲ್ಲಿ ಕಾಣುತ್ತೆ?’ ಅಂತಲೂ ಕೇಳ್ತಾರೆ. ಲೆಕ್ಕ ಹಾಕಿ. 25 ಸೆಂಟಿಮೀಟರ್ ಅಗಲದ ಡ್ರೋನ್ 50 ಮೀಟರ್ ದೂರದಲ್ಲಿದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾಗೆ ಅಗಲಕ್ಕೆ ನೋಡುವ 16 ಎಂಎಂ ಲೆನ್ಸ್ ಹಾಕಿದ್ದರೆ ಅದು ಸುಮಾರು 13 ಪಿಕ್ಸೆಲ್. ಸೆನ್ಸರ್ ಮೇಲಿನ ಕೊಳೆ ಅನ್ನಿಸುವಷ್ಟು. ಪಕ್ಕದಲ್ಲಿ ದೂರದ್ದನ್ನು ಹತ್ತಿರ ತೋರಿಸುವ 400 ಎಂಎಂ ಲೆನ್ಸ್ ಹಿಡಿದು ಹಕ್ಕಿಗೆ ಕಾದಿರುವವರ ಚಿತ್ರದಲ್ಲಿ ಅದೇ ಡ್ರೋನ್ 330 ಪಿಕ್ಸೆಲ್, ನಾಲ್ಕೂ ರೆಕ್ಕೆ ಎಣಿಸಬಹುದು. ಇನ್ನು 16 ಎಂಎಂ ಅಡ್ಡಡ್ಡ ನೋಡುವ ಕೋನ 97 ಡಿಗ್ರಿ. ‘ಸ್ವಲ್ಪ ಸೈಡಿಗೆ ಹೋಗ್ತೀನಿ’ ಅಂತ ಹತ್ತು ಮೀಟರ್ ಸರಿದರೆ ಏನೂ ಪ್ರಯೋಜನ ಇಲ್ಲ, ಇನ್ನೂ ಚೌಕಟ್ಟಿನ ಒಳಗೇ ಇರ್ತೀರಿ.

ನಿಜವಾಗಿ ಹೊಟ್ಟೆ ಉರಿಸೋದು ಬೇರೆ. ಆ ಎರಡೂಕಾಲು ನಿಮಿಷ ಡ್ರೋನಿಗೆ ಬೇಕಾಗೇ ಇಲ್ಲ! ಮೇಲಿಂದ ತೆಗೆಯುವ ಚಿತ್ರಕ್ಕೆ ಬೇಕಾಗೋದು ನೆಲದ ಮೇಲೆ ಬಿದ್ದ ಬೆಳಕು. ಸೂರ್ಯ ದಿಗಂತದಲ್ಲಿದ್ದಾಗ ಆಕಾಶ ಮಾತ್ರ ಬೆಳಗಿರುತ್ತೆ, ಕೆಳಗೆ ಕೆರೆ, ಗದ್ದೆ, ರಸ್ತೆ ಎಲ್ಲಾ ಮಬ್ಬು. ಸಣ್ಣ ಸೆನ್ಸರ್ ಡ್ರೋನ್ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸುತ್ತೆ, ನೆರಳಲ್ಲಿ ಕಾಳು ಕಾಳಾಗಿ ನಾಯ್ಸ್ ಬರುತ್ತೆ, ಆಕಾಶ ಬಿಳಿಚಿಕೊಂಡು ಸುಟ್ಟುಹೋಗುತ್ತೆ. ಅದೇ ಇಪ್ಪತ್ತು ನಿಮಿಷ ತಡೆದರೆ ಸೂರ್ಯ ಐದು ಡಿಗ್ರಿ ಹತ್ತಿರ ಏರಿರುತ್ತಾನೆ. ಐದು ಡಿಗ್ರಿಯಲ್ಲಿ ಮರದ ನೆರಳು ಮರದ ಎತ್ತರದ ಹನ್ನೊಂದು ಪಟ್ಟು ಉದ್ದ ಇರುತ್ತೆ. ತೆಂಗಿನ ಸಾಲು, ಬದು, ಏರಿಯ ಕಲ್ಲು, ನೀರಿನ ಮೇಲಿನ ಜೊಂಡು ಎಲ್ಲಾ ಮೇಲಿಂದ ಕೆತ್ತಿಟ್ಟ ಹಾಗೆ ಕಾಣೋದು ಆಗಲೇ. ಅಷ್ಟರಲ್ಲಿ ನೆಲದ ಮೇಲಿನವರ ಕೆಲಸ ಮುಗಿದು, ಟ್ರೈಪಾಡ್ ಮಡಿಸಿ ಕಾಫಿಗೆ ಹೊರಟಿರುತ್ತಾರೆ. ನಿಮ್ಮ ಬೆಳಕು ನಮ್ಮ ಬೆಳಕು ಬೇರೆ ಬೇರೆ ಹೊತ್ತಿನದು. ಜಗಳಕ್ಕೆ ಕಾರಣವೇ ಇಲ್ಲದ ಕಡೆ ಜಗಳ ತಂದಿಟ್ಟಿದ್ದೀರಿ.

ಸಿನಿಮಾ ಥರ ಬರಲಿ ಅಂತ ನೀರಿಗೆ ಎರಡು ಮೀಟರ್ ಮೇಲೆ ಓಡಿಸುವವರದ್ದು ಇನ್ನೊಂದು ವರ್ಗ. 249 ಗ್ರಾಮಿನ ಡ್ರೋನೂ ತನ್ನ ತೂಕ ಹೊರುವಷ್ಟು ಗಾಳಿಯನ್ನು ಕೆಳಕ್ಕೆ ನೂಕಲೇಬೇಕು. ಕನ್ನಡಿಯಂತಿದ್ದ ನೀರು ಅಲೆ ಅಲೆಯಾಗಿ ಹರಡಿ ಪ್ರತಿಬಿಂಬ ಹಾಳು. ನಿಮಗೂ ಅದು ಕ್ಷೇಮ ಅಲ್ಲ. ಡ್ರೋನಿನ ಹೊಟ್ಟೆಯಲ್ಲಿರುವ ಕ್ಯಾಮೆರಾ ನೆಲದ ಗುರುತು ಹಿಡಿದು ಎತ್ತರ, ಜಾಗ ಅಂದಾಜು ಮಾಡುತ್ತೆ. ಹೊಳೆಯುವ, ಅಲುಗಾಡುವ ನೀರಲ್ಲಿ ಗುರುತೇ ಸಿಗದೆ ಅದು ತಪ್ಪು ತಿಳಿದು ತೇಲುತ್ತೆ, ಕೆಲವೊಮ್ಮೆ ತಾನಾಗೇ ಇಳಿಯುತ್ತೆ. ಕೆರೆಯ ಹೂಳಲ್ಲಿ ಬಿದ್ದದ್ದನ್ನು ಹುಡುಕಿಕೊಡುವ ಆ್ಯಪ್ ಇನ್ನೂ ಬಂದಿಲ್ಲ.

ಶಬ್ದದ ವಿಷಯ. ಎರಡು ಅಲಗಿನ ರೆಕ್ಕೆ ನಿಮಿಷಕ್ಕೆ 6,000 ಸುತ್ತು ಸುತ್ತಿದರೆ 200 ಹರ್ಟ್ಸ್ ಗುಂಯ್, ಅದರ ಮೇಲೆ 400, 600, 800ರ ಮರಿಗಳು. ಸಣ್ಣ ಡ್ರೋನಿನ ರೆಕ್ಕೆ ಇನ್ನೂ ಜೋರಾಗಿ ಸುತ್ತುತ್ತೆ, ಕಿರುಚಲು ಇನ್ನೂ ತೆಳು. ಹಕ್ಕಿ ಕೂಗು ರೆಕಾರ್ಡ್ ಮಾಡುವವರ ಮೈಕಿನ ಲೋ ಕಟ್ ಸ್ವಿಚ್ ಕತ್ತರಿಸೋದು ಸಾಮಾನ್ಯವಾಗಿ 80 ಹರ್ಟ್ಸ್ ಕೆಳಗೆ, ಗಾಳಿಯ ಗುಡುಗಿಗೆ. ಹಾಗಾಗಿ ಡ್ರೋನಿನ ಸದ್ದು ಸೀದಾ ಹಕ್ಕಿಯ ಕೂಗಿನ ಪಕ್ಕದಲ್ಲೇ ಕೂರುತ್ತೆ. ಎತ್ತರ ಎರಡು ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತೆ. 15 ಮೀಟರಲ್ಲಿ ತೂಗಾಡುವ ಬದಲು 60ಕ್ಕೆ ಹೋದರೆ 12 ಡೆಸಿಬೆಲ್ ಉಳಿತಾಯ, ಒಂದು ಪೈಸೆ ಖರ್ಚಿಲ್ಲ.

ಹಕ್ಕಿಗಳ ಬಗ್ಗೆ ಹೇಳದಿದ್ದರೆ ಪಾಪ ಬರುತ್ತೆ. ಹೆಜ್ಜಾರ್ಲೆ (ಪೆಲಿಕನ್) ಒಮ್ಮೆ ನೀರಿಂದ ಎದ್ದರೆ ಅಷ್ಟು ಭಾರದ ಮೈ ಎತ್ತೋಕೆ ನೀರ ಮೇಲೆ ಓಡಬೇಕು. ಬೆಳಗಿನ ಹೊಟ್ಟೆಪಾಡಿನ ಹೊತ್ತಲ್ಲಿ ಅದನ್ನು ಸುಮ್ಮಸುಮ್ಮನೆ ಎಬ್ಬಿಸೋದು ಯಾವ ಶೋಕಿ? ಗೂಡಿನ ಮೇಲಿಂದ ಬೆದರಿ ಎದ್ದ ನೀರುಕಾಗೆ ತಿರುಗಿ ಬರುವಷ್ಟರಲ್ಲಿ ಕಾಗೆ ಬಂದಿರುತ್ತೆ, ಮೊಟ್ಟೆ ಹೋಗಿರುತ್ತೆ. ನೆತ್ತಿಯ ಮೇಲಿಂದ ನೇರ ಇಳಿಯುವ ಡ್ರೋನಿಗೆ ಹಕ್ಕಿಗಳು ಹೆಚ್ಚು ಬೆದರುತ್ತವೆ, ಬೇಟೆಯ ಹಕ್ಕಿ ಎರಗುವುದು ಹಾಗೇ ತಾನೆ. ಊರ ತುಂಬ ಇರುವ ಹದ್ದುಗಳಂತೂ ಡ್ರೋನನ್ನು ತಮ್ಮ ಸರಹದ್ದಿಗೆ ನುಗ್ಗಿದ ಶತ್ರು ಅಂತಲೇ ನೋಡುತ್ತವೆ. ಹದ್ದು ಸುತ್ತಲು ಶುರು ಮಾಡಿದ್ದು ಕಂಡರೆ ‘ಸೂಪರ್ ಶಾಟ್’ ಅಂತ ನಿಲ್ಲಿಸಿಕೊಳ್ಳದೆ, ಮೊದಲು ದೂರ ಸರಿಸಿ, ಇಳಿಸಿ. ತಿರುಗುವ ರೆಕ್ಕೆಗೆ ಸಿಕ್ಕರೆ ಅದರ ಕಾಲು ಹೋಗುತ್ತೆ.

ಈಗ ಕಾನೂನು, ಯಾಕಂದ್ರೆ ‘249 ಗ್ರಾಮ್ ಸಾರ್, ರೂಲ್ಸೇ ಇಲ್ಲ’ ಅನ್ನೋದು ಎಲ್ಲರ ಬಾಯಲ್ಲೂ ಇದೆ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಮ್‌ವರೆಗಿನದು ನ್ಯಾನೋ, ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಅಷ್ಟೇ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸಲಾಗದ ಕೆಂಪು ವಲಯ ನ್ಯಾನೋಗೂ ಕೆಂಪೇ. ಇನ್ನೊಂದು ತಮಾಷೆ: ಅದೇ 249 ಗ್ರಾಮಿನದಕ್ಕೆ ಹೆಚ್ಚು ಹೊತ್ತು ಬಾಳುವ ದೊಡ್ಡ ಬ್ಯಾಟರಿ ಹಾಕಿದರೆ, ರೆಕ್ಕೆಗೆ ಗಾರ್ಡ್ ಕಟ್ಟಿದರೆ, ತೂಕ 250 ದಾಟಿತು, ಅದು ಮೈಕ್ರೋ. ಮೈಕ್ರೋ ಡ್ರೋನನ್ನು ದುಡ್ಡಿಗಾಗಿ ಹಾರಿಸಿದರೆ ಪ್ರಮಾಣಪತ್ರ ಬೇಕು. ನಿಯಮ ಮುರಿದರೆ ದಂಡ ಒಂದು ಲಕ್ಷದವರೆಗೆ.

ವಿಮಾನ ನಿಲ್ದಾಣದ ಎಲ್ಲೆಯಿಂದ 5 ಕಿಲೋಮೀಟರ್ ಒಳಗೆ ಕೆಂಪು, 5ರಿಂದ 8ರವರೆಗೆ ನೆಲದಿಂದಲೇ ಹಳದಿ, 8ರಿಂದ 12ರವರೆಗೆ 200 ಅಡಿ ಮೇಲೆ ಹಳದಿ. ಹಳದಿ ಅಂದರೆ ಅನುಮತಿ ಕೇಳಿ ಹಾರಿಸೋದು. ಉಳಿದ ಹಸಿರಲ್ಲಿ ಅನುಮತಿ ಇಲ್ಲದೆ 400 ಅಡಿವರೆಗೆ. ಬೆಂಗಳೂರಿನ ನಕ್ಷೆ ಮೇಲೆ ಈ ವೃತ್ತಗಳನ್ನು ಎಳೆದು ನೋಡಿ: ದೇವನಹಳ್ಳಿ, ಯಲಹಂಕ ವಾಯುನೆಲೆ, ಎಚ್‌ಎಎಲ್, ಜಕ್ಕೂರು. ಜಕ್ಕೂರು ಕೆರೆಯ ಹತ್ತಿರವೇ ತರಬೇತಿ ವಿಮಾನಗಳು ಏರಿ ಇಳಿಯುತ್ತವೆ. ಬೆಳ್ಳಂದೂರು ಕೆರೆ ಎಚ್‌ಎಎಲ್ ರನ್‌ವೇಗೆ ನೆರೆಮನೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನಿಂತ ಜಾಗದ ಬಣ್ಣ ನೋಡೋಕೆ ಎರಡು ನಿಮಿಷ. ಅದನ್ನೂ ನೋಡದವರು ‘ಪಬ್ಲಿಕ್ ಪ್ಲೇಸ್’ ಪಾಠ ಹೇಳ್ತಾರೆ.

ನಂದಿ ಬೆಟ್ಟಕ್ಕೆ ಹೋಗುವ ಬೆಂಗಳೂರಿನವರಿಗೆ ಒಂದು ಮಾತು. ಆ್ಯಪಿನಲ್ಲಿ ತೋರಿಸುವ ಎತ್ತರ ನೀವು ಎಬ್ಬಿಸಿದ ಜಾಗದಿಂದ. ನಿಯಮದ 400 ಅಡಿ ಡ್ರೋನಿನ ಕೆಳಗಿರುವ ನೆಲದಿಂದ. ಬಂಡೆ ಅಂಚಿಂದ ಆಚೆ ತೇಲಿಸಿದ ಮರುಕ್ಷಣ, ಪರದೆ ಮೇಲೆ 10 ಮೀಟರ್ ಅಂತಿದ್ದರೂ ಕೆಳಗೆ ನೂರಾರು ಮೀಟರ್ ಕಮರಿ ಇರುತ್ತೆ. ಮಂಜಿನೊಳಗೆ ಕಳಿಸಿದರೆ ಲೆನ್ಸ್ ಮೇಲೆ ಹನಿ, ತಡೆ ಗುರುತಿಸುವ ಸೆನ್ಸರ್ ಕುರುಡು, ಡ್ರೋನ್ ಎಲ್ಲಿದೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಹೇಗೆ ಹಾರಿಸಬೇಕು ಅಂತ ಕೇಳುವವರು ಕಡಿಮೆ, ಆದರೂ ಹೇಳಿಬಿಡ್ತೀನಿ. ಬ್ಯಾಗ್ ಬಿಚ್ಚುವ ಮುಂಚೆ ಸಾಲಿನ ಹತ್ತಿರ ಹೋಗಿ ‘ಸಾರ್, ಯಾವ ಕಡೆ ತೆಗೀತಿದ್ದೀರಿ, ಎಷ್ಟು ಹೊತ್ತಾಗುತ್ತೆ?’ ಅಂತ ಕೇಳಿ. ಸಾಲಿನ ಹಿಂದೆ, 30–40 ಮೀಟರ್ ದೂರ, ಧೂಳಿಲ್ಲದ ಕಡೆ ಜಾಗ ಮಾಡಿಕೊಳ್ಳಿ. ಏರಿಯ ಕಬ್ಬಿಣದ ಬೇಲಿ, ಬೆಂಚು, ಸರಳಿರುವ ಕಾಂಕ್ರೀಟ್ ಕಟ್ಟೆ ಇವುಗಳ ಮೇಲಿಂದ ಎಬ್ಬಿಸಬೇಡಿ. ದಿಕ್ಸೂಚಿ ಕೆಟ್ಟು ಡ್ರೋನ್ ನಿಂತಲ್ಲಿ ನಿಲ್ಲದೆ ಸುಳಿ ಸುತ್ತುತ್ತೆ, ಜನರ ತಲೆ ಮೇಲೆ ಬರೋದು ಹೀಗೇ. ಹೋಮ್ ಪಾಯಿಂಟ್ (ಡ್ರೋನ್ ಎದ್ದ ಜಾಗ) ದಾಖಲಾಯ್ತು ಅಂತ ಆ್ಯಪ್ ಹೇಳುವ ತನಕ ಕಾಯಿರಿ. ರಿಟರ್ನ್ ಟು ಹೋಮ್ ಎತ್ತರವನ್ನು (ತಾನಾಗೇ ವಾಪಸ್ ಬರುವಾಗ ಹಾರುವ ಎತ್ತರ) ಸುತ್ತಲಿನ ಅತಿ ಎತ್ತರದ ನೀಲಗಿರಿ ಮರ, ಟವರು, ಅಪಾರ್ಟ್‌ಮೆಂಟಿಗಿಂತ ಮೇಲಿಡಿ. ಸಾಲಿನ ಮುಂದಿಂದ ಎಬ್ಬಿಸಿದವರಿಗೆ ಗೊತ್ತಾಗದ ಸಂಗತಿ ಇದು: ಬ್ಯಾಟರಿ ಇಳಿದಾಗಲೋ ಸಿಗ್ನಲ್ ತಪ್ಪಿದಾಗಲೋ ಅದು ತಾನಾಗೇ ಎದ್ದ ಜಾಗಕ್ಕೇ ಬಂದು ಇಳಿಯುತ್ತೆ, ಟ್ರೈಪಾಡ್‌ಗಳ ನಡುವೆ. ಸುತ್ತ ಅಪಾರ್ಟ್‌ಮೆಂಟಿನ ವೈಫೈ ತುಂಬಿರುವ ಕೆರೆಗಳಲ್ಲಿ ಸಿಗ್ನಲ್ ತಪ್ಪೋದು ಅಪರೂಪ ಅಲ್ಲ. ಎದ್ದ ಮೇಲೆ ನೇರ 60 ಮೀಟರ್ ಏರಿಸಿ (ವಲಯದ ನಿಯಮ ಒಪ್ಪಿದರೆ ಮಾತ್ರ), ಆಮೇಲೆ ಪಕ್ಕಕ್ಕೆ. ಮುಂದಿನ ದೀಪ ಆರಿಸುವ ಆಯ್ಕೆ ಆ್ಯಪಿನಲ್ಲಿದ್ದರೆ ಬಳಸಿ, ಹಿಂದಿನದು ಉರಿಯುತ್ತಲೇ ಇರುತ್ತೆ ಅನ್ನೋದು ನೆನಪಿರಲಿ. ಶಾಟ್ ಮೊದಲೇ ಯೋಚಿಸಿ ಹೋಗಿ, ಒಂದು ಬ್ಯಾಟರಿಗೆ ಮುಗಿಸಿ, ಇಳಿಸಿದ ಮೇಲೆ ‘ಆಯ್ತು ಸಾರ್’ ಅನ್ನಿ. ಜಗಳ ಆಡುವವರು ಒಬ್ಬರೂ ಸಿಗೋದಿಲ್ಲ.

ಟ್ರೈಪಾಡಿನವರೇನು ಸಾಚಾ ಅಲ್ಲ. ವಾಕಿಂಗ್ ದಾರಿಗೆ ಅಡ್ಡ ಮೂರು ಕಾಲು ಚಾಚುವವರು, ಪಕ್ಕದವನ ಎಕ್ಸ್‌ಪೋಷರ್ ನಡೆಯುವಾಗ ಹೆಡ್‌ಟಾರ್ಚ್ ಹೊತ್ತಿಸುವವರು, ಹಕ್ಕಿ ಬರಲಿ ಅಂತ ಮೊಬೈಲಲ್ಲಿ ಅದರ ಕೂಗು ಹಾಕುವವರು ನಮ್ಮಲ್ಲೇ ಇದ್ದಾರೆ. ಅವರಿಗೂ ಬೈಗುಳ ಇದೆ, ಇನ್ನೊಂದು ದಿನ.

ಕೊನೆಗೆ ಪ್ರೀ ವೆಡ್ಡಿಂಗ್ ತಂಡದವರು. ಹೆಸರಘಟ್ಟದ ಹುಲ್ಲುಗಾವಲಿಗೆ ಕಾರು ನುಗ್ಗಿಸಿ, ಬಣ್ಣದ ಹೊಗೆ ಹಚ್ಚಿ, ಅದರ ಮೇಲೆ ಡ್ರೋನ್ ಬಿಟ್ಟು, ‘ಸ್ವಲ್ಪ ಆ ಕಡೆ ಸರೀರಿ ಸಾರ್, ಫ್ರೇಮಲ್ಲಿ ಬರ್ತಿದ್ದೀರಿ’ ಅಂತ ನಮಗೇ ಹೇಳ್ತಾರೆ. ನೆಲಗೂಡು ಕಟ್ಟುವ ಹಕ್ಕಿಗಳ ಜಾಗ ಅದು ಸ್ವಾಮಿ, ಹುಲ್ಲಿನ ಬುಡದಲ್ಲೇ ಮೊಟ್ಟೆ ಇರುತ್ತೆ. ದುಡ್ಡು ತಗೊಂಡು ಹಾರಿಸೋದಾದರೆ ನೋಂದಣಿ ಸಂಖ್ಯೆ, ನ್ಯಾನೋ ಅಲ್ಲದಿದ್ದರೆ ಪೈಲಟ್ ಪ್ರಮಾಣಪತ್ರ, ಹಸಿರು ವಲಯ ಅಲ್ಲದಿದ್ದರೆ ಅನುಮತಿ, ಎಲ್ಲಾ ತೋರಿಸಿ. ಆಮೇಲೆ ಮಾತಾಡೋಣ ಯಾರು ಸರೀಬೇಕು ಅಂತ.