ಹಾಲು ಕುಡಿ, ಶೂ ಹಾಕೊ, ವ್ಯಾನ್ ಬಂತು

ಮಕ್ಕಳು ಮಾತೇ ಕೇಳಲ್ಲ ಅಂತ ಎಲ್ರೂ ಗೋಳಾಡ್ತಾರೆ, ಆದ್ರೆ ನಾವು ಹೇಳೋ ಚಂದನ ಯಾರಾದ್ರೂ ಪಕ್ಕದಲ್ಲಿ ನಿಂತು ಕೇಳಿದ್ರೆ ಆ ಮಗು ಪರವಾಗೇ ವಕಾಲತ್ತು ಹಾಕ್ತಾರೆ. ನಮ್ಮಕ್ಕನ ಮನೇಲಿ ಬೆಳಗ್ಗೆ ಏಳೂವರೆಗೆ ಶುರು, ಬ್ರಷ್ ಮಾಡು, ಹಾಲು ಕುಡಿ, ಚೆಲ್ಬೇಡ, ಸಾಕ್ಸ್ ಎಲ್ಲಿ ಬಿಸಾಕ್ದೆ, ಶೂ ಹಾಕೊ, ಅಯ್ಯೋ ವ್ಯಾನ್ ಬಂತು ನೋಡು, ಎಲ್ಲಾ ಒಂದೇ ಉಸಿರಲ್ಲಿ. ಮೂರು ವರ್ಷದ ನಮ್ಮ ಅಳಿಯರಾಯರಿಗೆ ಕೇಳ್ಸೋದು ಕೊನೇದು ಮಾತ್ರ. ಬಾಯಲ್ಲಿ ಬ್ರಷ್ ಇಟ್ಕೊಂಡು, ಚಡ್ಡಿನೂ ಇಲ್ದೆ, ಸೀದಾ ಬಾಲ್ಕನಿಗೆ ಓಟ. ನೋಡು ಅಂದ್ರು, ನೋಡ್ದ. ಇದಕ್ಕಿಂತ ಇನ್ನೇನು ಮಾತು ಕೇಳ್ಬೇಕು?

ಎರಡೂವರೆ ವರ್ಷದ ಹೊತ್ತಿಗೆ ಒಟ್ಟಿಗೆ ಎರಡು ಕೆಲಸ ಹೇಳಿದ್ರೆ ಮಾಡ್ತಾರೆ ಅಂತಾರೆ ಮಕ್ಕಳ ಡಾಕ್ಟ್ರು. ಗೊಂಬೆ ಕೆಳಗಿಡು, ಬಾಗಿಲು ಹಾಕು, ಅಷ್ಟೇ. ನಾವೋ, ಇಡೀ ದಿನದ್ದು ಒಂದೇ ಸಲ ಸುರೀತೀವಿ.

ಇನ್ನೊಂದು ಮಜಾ ಅಂದ್ರೆ "ಪುಟ್ಟಾ, ಸ್ನಾನ ಮಾಡೋಣ್ವಾ?" ಅಂತ ಕೇಳೋದು. ಕೇಳಿದ್ಮೇಲೆ ಬೇಡ ಅನ್ನೋ ಹಕ್ಕು ಅವನಿಗಿಲ್ವಾ? ಬೇಡ ಅಂತಾನೆ, ನಮಗೆ ಸಿಟ್ಟು ನೆತ್ತಿಗೇರುತ್ತೆ, ಮೂರು ಎಣಿಸೋದ್ರೊಳಗೆ ಬರ್ಬೇಕು ಅಂತ ಶುರು ಮಾಡ್ತೀವಿ, ಒಂದು, ಎರಡು, ಎರಡೂವರೆ, ಎರಡೂಮುಕ್ಕಾಲು... ಮೂರಾದ್ಮೇಲೆ ಏನ್ಮಾಡ್ಬೇಕು ಅಂತ ನಮಗೇ ಗೊತ್ತಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಇನ್ನು ಗುಮ್ಮನ ಕಾಲ ಮುಗೀತು ಬಿಡಿ. ಪುರಂದರದಾಸರ ಪದದಲ್ಲಿ ಸಾಕ್ಷಾತ್ ಕೃಷ್ಣನೇ ಗುಮ್ಮನಿಗೆ ಹೆದರಿ ಅಮ್ಮನ ಹತ್ರ ಗೋಗರೀತಾನೆ, ನಮ್ಮವನು "ಎಲ್ಲಿ, ವಿಡಿಯೋ ಕಾಲ್ ಮಾಡು" ಅಂತಾನೆ.

ಇದರಲ್ಲಿ ಪಳಗಿದೋರು ಅಂದ್ರೆ ನಮ್ಮೂರ ಅಂಗನವಾಡಿ ಟೀಚರೇ. ಎಲ್ಲರಿಗಿಂತ ಜಾಸ್ತಿ ತಂಟೆ ಮಾಡೋನ ಕೈಗೇ ಊಟದ ತಟ್ಟೆ ಹಂಚೋ ಕೆಲಸ ಕೊಡ್ತಾರೆ. ಅವನು ಎದೆ ಸೆಟೆಸ್ಕೊಂಡು "ಸಾಲಾಗ್ ಕೂತ್ಕೊಳ್ರೋ, ಗಲಾಟೆ ಮಾಡ್ಬೇಡ್ರೋ" ಅಂತ ಉಳಿದವರನ್ನ ಗದರ್ಸೋದು ನೋಡ್ಬೇಕು! ಟೀಚರ್ ಬಾಯಿ ಬಿಡೋದೇ ಬೇಡ.

ನಮ್ಮಮ್ಮ ಹಳೇ ವಿದ್ಯೆನ ಇನ್ನೂ ಬಿಟ್ಟಿಲ್ಲ. "ಕುಡೀಬೇಡ ಬಿಡು, ಈ ಹಾಲು ಬೆಕ್ಕಿಗೆ" ಅಂದ್ರೆ ನಾವೆಲ್ಲ ಆಗ ಗಟಗಟ ಕುಡಿದು ಲೋಟ ಬೋರಲು ಹಾಕ್ತಿದ್ವಿ. ಮೊನ್ನೆ ಮೊಮ್ಮಗನ ಮೇಲೂ ಅದನ್ನೇ ಪ್ರಯೋಗಿಸಿದ್ರು. ಅವನು "ಹೌದಾ ಅಜ್ಜಿ?" ಅಂದು, ಎರಡೂ ಕೈಲಿ ಲೋಟ ಹಿಡ್ಕೊಂಡು, ಒಂದು ಹನಿನೂ ಚೆಲ್ದೆ ಮೆಟ್ಲಿಳಿದು ಬೆಕ್ಕು ಹುಡುಕ್ಕೊಂಡು ಹೋದ.