ಕಡಲಹುಲ್ಲಿಗೆ ಮೊದಲು ಬೇಕಿರುವುದು ಬೆಳಕು

ಕಡಲು ಉಳಿಸುವ ಮಾತು ಎಲ್ಲೇ ಬರಲಿ, ಹವಳದ ದಿಬ್ಬಗಳ ಫೋಟೋ ಬರುತ್ತದೆ, ಮ್ಯಾಂಗ್ರೋವ್ ಸಸಿ ನೆಡುವವರ ಫೋಟೋ ಬರುತ್ತದೆ. ತೀರದ ಆಳವಿಲ್ಲದ ನೀರಿನಲ್ಲಿ ಮೈಲಿಗಟ್ಟಲೆ ಹಬ್ಬಿರುವ ಕಡಲಹುಲ್ಲಿನ ಬಯಲುಗಳನ್ನು ನೆನೆಯುವವರು ಕಡಿಮೆ. ಈಚೆಗೆ ಕೆಲವರು ಮಾತಾಡತೊಡಗಿದ್ದಾರೆ, ಸಂತೋಷ. ಆದರೆ ಆ ಮಾತೂ ನೇರವಾಗಿ ‘ನೆಡೋಣ ಬನ್ನಿ’ ಎಂಬಲ್ಲಿಗೆ ಹೋಗಿ ನಿಲ್ಲುತ್ತಿದೆ. ನೆಡುವುದು ಆಮೇಲಿನ ಕೆಲಸ ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಕಡಲಹುಲ್ಲು ಪಾಚಿಯ ಜಾತಿಗೆ ಸೇರಿದ್ದಲ್ಲ. ಬೇರು, ಎಲೆ, ಹೂವು, ಬೀಜ ಎಲ್ಲವೂ ಇರುವ ಗಿಡ ಅದು. ಗರಿಕೆಯ ಹಾಗೆ ಅದರ ಕಾಂಡ ಮಣ್ಣಿನೊಳಗೆ ಅಡ್ಡಡ್ಡ ಹರಿದು ಗೆಣ್ಣುಗೆಣ್ಣಿಗೂ ಚಿಗುರುತ್ತದೆ. ನೆಲದ ಮೇಲೆ ಬಾಳಿದ್ದ ಸಸ್ಯಗಳೇ ಸುಮಾರು 10 ಕೋಟಿ ವರ್ಷಗಳ ಹಿಂದೆ ಮತ್ತೆ ಕಡಲಿಗೆ ಇಳಿದವು, ಅದೂ ಒಂದಕ್ಕಿಂತ ಹೆಚ್ಚು ವಂಶಗಳು, ಬೇರೆ ಬೇರೆಯಾಗಿ. ಈಗ ಜಗತ್ತಿನಲ್ಲಿ ಉಳಿದಿರುವುದು ಸುಮಾರು 70 ಪ್ರಭೇದಗಳು ಮಾತ್ರ. 2016ರಲ್ಲಿ ‘ಜೊಸ್ಟೆರಾ ಮರೀನಾ’ ಎಂಬ ಪ್ರಭೇದದ ಪೂರ್ತಿ ಜೀನೋಮ್ ಓದಿದಾಗ, ಎಲೆಗಳಲ್ಲಿ ಗಾಳಿಯಾಡುವ ಪತ್ರರಂಧ್ರ ಮೂಡಿಸುವ ಜೀನ್‌ಗಳನ್ನೇ ಅದು ಕಳೆದುಕೊಂಡಿರುವುದು ತಿಳಿಯಿತು. ನೀರಿನಡಿ ಆ ರಂಧ್ರಗಳಿಂದ ಏನು ಕೆಲಸ? ಹೂ ಬಿಡುವುದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಪರಾಗ ದುಂಡಗಿನ ಪುಡಿಯಾಗಿರದೆ ದಾರದ ಎಳೆಯಾಗಿ ನೀರಿನಲ್ಲಿ ತೇಲಿಹೋಗಿ ಇನ್ನೊಂದು ಹೂವಿಗೆ ತೊಡರಿಕೊಳ್ಳುತ್ತದೆ. ಕೆರಿಬಿಯನ್ ಕಡಲಿನ ಒಂದು ಪ್ರಭೇದದಲ್ಲಿ ರಾತ್ರಿ ಹೊತ್ತು ಪುಟ್ಟ ಸಿಗಡಿಜಾತಿಯ ಜೀವಿಗಳು ಹೂವಿಂದ ಹೂವಿಗೆ ಪರಾಗ ಸಾಗಿಸುವುದನ್ನೂ ಕಂಡಿದ್ದಾರೆ. ದುಂಬಿಯ ಕೆಲಸ ಸಮುದ್ರದ ತಳದಲ್ಲೂ ನಡೆಯುತ್ತದೆ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಬೆಳಕಿನ ವಿಷಯಕ್ಕೆ ಬರುತ್ತೇನೆ. ಇಡೀ ವಾದ ನಿಂತಿರುವುದೇ ಅದರ ಮೇಲೆ.

ನೀರಿನ ಮೇಲ್ಮೈಗೆ ಬೀಳುವ ಬೆಳಕಿನಲ್ಲಿ ಶೇ. 1ರಷ್ಟು ಸಿಕ್ಕರೂ ಅನೇಕ ಪಾಚಿಗಳು ಬದುಕಿಕೊಳ್ಳುತ್ತವೆ. ಕಡಲಹುಲ್ಲಿಗೆ ಸರಾಸರಿ ಶೇ. 11ರಷ್ಟಾದರೂ ಬೇಕು. ಯಾಕೆಂದರೆ ಅದು ಎಲೆಗಳನ್ನಷ್ಟೇ ಸಾಕಿದರೆ ಸಾಲದು, ಮಣ್ಣಿನಡಿಯ ಬೇರು–ಕಾಂಡಗಳನ್ನೂ ಸಾಕಬೇಕು. ಆ ಕೆಸರಿನಲ್ಲಿ ಆಮ್ಲಜನಕ ಇಲ್ಲ, ವಿಷವಾದ ಸಲ್ಫೈಡ್ ಇದೆ. ಹಗಲಿನಲ್ಲಿ ಎಲೆ ತಯಾರಿಸಿದ ಆಮ್ಲಜನಕ ಒಳಗಿನ ಗಾಳಿನಾಳಗಳ ಮೂಲಕ ಬೇರಿಗೆ ಇಳಿದು, ಬೇರಿನ ಸುತ್ತ ತೆಳುವಾದ ಒಂದು ಕಾವಲನ್ನು ಕಟ್ಟುತ್ತದೆ. ಬೆಳಕು ತಗ್ಗಿದರೆ ಆಮ್ಲಜನಕ ತಗ್ಗುತ್ತದೆ, ಕಾವಲು ಸಡಿಲವಾಗುತ್ತದೆ, ಸಲ್ಫೈಡ್ ಗಿಡದೊಳಗೆ ನುಗ್ಗುತ್ತದೆ. ನೀರು ವಾರಗಟ್ಟಲೆ ಬಗ್ಗಡವಾಗಿಯೇ ಇದ್ದರೆ ಬಯಲಿಗೆ ಬಯಲೇ ಸಾಯಬಹುದು.

ಬೆಳಕನ್ನು ಕಸಿಯುವ ಬಹುಪಾಲು ವಸ್ತು ಬರುವುದು ನೆಲದಿಂದ. ಕೊಚ್ಚಿಬಂದ ಮಣ್ಣು, ಹೂಳೆತ್ತುವ ಯಂತ್ರ ಕದಡಿದ ರಾಡಿ, ಹೊಲದ ಗೊಬ್ಬರ, ಚರಂಡಿ ನೀರು. ಸಾರಜನಕ ಹೆಚ್ಚಾದರೆ ನೀರಿನಲ್ಲಿ ಸೂಕ್ಷ್ಮಪಾಚಿ ಉಕ್ಕುತ್ತದೆ, ಎಲೆಯ ಮೇಲೂ ಪಾಚಿ ಕೂರುತ್ತದೆ. ಆ ಎಲೆಗಳನ್ನು ತಿಕ್ಕಿ ಚೊಕ್ಕ ಮಾಡುವ ಸಣ್ಣ ಜೀವಿಗಳಿವೆ, ಅವುಗಳನ್ನು ತಿನ್ನುವ ಏಡಿಗಳಿವೆ. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಗೆ ಕಡಲ ನೀರುನಾಯಿಗಳು ಮರಳಿ ಬಂದು ಏಡಿಗಳನ್ನು ತಿನ್ನತೊಡಗಿದಾಗ, ಗೊಬ್ಬರದಿಂದ ಕೆಟ್ಟಿದ್ದ ಆ ನೀರಿನಲ್ಲೂ ಹುಲ್ಲು ಚೇತರಿಸಿಕೊಂಡಿತು. ನೀರುನಾಯಿಗೂ ಹುಲ್ಲಿನ ಎಲೆಗೆ ತಾಗುವ ಬಿಸಿಲಿಗೂ ಇಂಥ ನಂಟು!

ಇನ್ನೊಂದು ಸಂಗತಿಯನ್ನು ನೆಡುವ ಉತ್ಸಾಹದಲ್ಲಿ ನಾವು ಮರೆಯುತ್ತೇವೆ. ಹುಲ್ಲಿನ ಬಯಲು ತನಗೆ ಬೇಕಾದ ತಿಳಿನೀರನ್ನು ತಾನೇ ಮಾಡಿಕೊಳ್ಳುತ್ತದೆ. ಎಲೆಗಳು ಅಲೆಯ ವೇಗ ತಗ್ಗಿಸುತ್ತವೆ, ತೇಲುವ ಮಣ್ಣು ಕೆಳಗೆ ಕೂರುತ್ತದೆ, ಬೇರು ಅದನ್ನು ಹಿಡಿದುಕೊಳ್ಳುತ್ತದೆ. ಬಯಲು ಹೋದಮೇಲೆ ಅದೇ ಮಣ್ಣು ಪ್ರತಿ ಗಾಳಿಗೂ ಏಳುತ್ತದೆ. ಅಂಥ ರಾಡಿಯಲ್ಲಿ ನಾಲ್ಕು ಸಸಿ ಊರಿ ಬಂದರೆ ಅವು ಕೆಲವೇ ತಿಂಗಳಲ್ಲಿ ಸಾಯುತ್ತವೆ, ಫೋಟೋ ಮಾತ್ರ ಉಳಿಯುತ್ತದೆ.

‘ಅಮೆರಿಕದ ವರ್ಜೀನಿಯಾದಲ್ಲಿ ಬಿತ್ತಿಯೇ ಗೆದ್ದಿದ್ದಾರಲ್ಲ’ ಎಂದು ಕೇಳುವವರಿದ್ದಾರೆ. ನಿಜ, ಗೆದ್ದಿದ್ದಾರೆ. 1930ರ ದಶಕದ ರೋಗ ಉತ್ತರ ಅಟ್ಲಾಂಟಿಕ್‌ನ ಜೊಸ್ಟೆರಾ ಬಯಲುಗಳಲ್ಲಿ ಬಹುಪಾಲನ್ನು ಒರೆಸಿಹಾಕಿತು. 1933ರ ಚಂಡಮಾರುತವೂ ಸೇರಿ ವರ್ಜೀನಿಯಾದ ಕರಾವಳಿಯ ಕೊಲ್ಲಿಗಳು ಬರಿದಾದವು, ಅಲ್ಲಿನ ಸ್ಕ್ಯಾಲಪ್ ಚಿಪ್ಪುಜೀವಿಗಳ ಉದ್ಯಮವೇ ಮುಳುಗಿತು. ಸುಮಾರು 20 ವರ್ಷ ಸಂಶೋಧಕರು, ಸ್ವಯಂಸೇವಕರು ಕೂಡಿ 7 ಕೋಟಿಗೂ ಹೆಚ್ಚು ಬೀಜ ಬಿತ್ತಿದರು. ಈಗ ಅಲ್ಲಿ 3,600 ಹೆಕ್ಟೇರಿನಷ್ಟು ಹುಲ್ಲಿದೆ. ಆದರೆ ಆ ಕೊಲ್ಲಿಗಳ ನೀರು ಮೊದಲೇ ಚೆನ್ನಾಗಿತ್ತು. ಹೊರಗಿನಿಂದ ತೇಲಿಬರಲು ಬೀಜವಿರಲಿಲ್ಲ, ಕೊರತೆ ಅದೊಂದೇ. ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯ ಕಥೆ ಬೇರೆ. ಅಲ್ಲಿ ಚರಂಡಿ ನೀರನ್ನು ಚೆನ್ನಾಗಿ ಶುದ್ಧೀಕರಿಸಿ ಸಾರಜನಕ ತಗ್ಗಿಸಿದರು. ಹುಲ್ಲು ಬಹುಮಟ್ಟಿಗೆ ತಾನಾಗಿಯೇ ಹಬ್ಬಿ, ಕಳೆದ ದಶಕದ ನಡುವಿನ ಹೊತ್ತಿಗೆ 1950ರ ದಶಕದ ಮಟ್ಟ ಮುಟ್ಟಿತು. ಆಮೇಲೆ ಮತ್ತೆ ಒಂದಿಷ್ಟನ್ನು ಕಳೆದುಕೊಂಡಿತು ಎಂಬುದನ್ನೂ ಹೇಳಬೇಕು. ಕಾವಲು ಕಾಯುವ ಕೆಲಸ ಮುಗಿಯುವಂಥದ್ದಲ್ಲ.

ಇಂಗಾಲ ಹಿಡಿದಿಡುವ ಲೆಕ್ಕ ನಿಮಗೆ ಗೊತ್ತಿರಬಹುದು. ಕಡಲತಳದ ಶೇ. 0.2ಕ್ಕೂ ಕಡಿಮೆ ಜಾಗದಲ್ಲಿರುವ ಈ ಹುಲ್ಲು, ಕಡಲಿನಲ್ಲಿ ವರ್ಷವರ್ಷ ಹೂತುಹೋಗುವ ಇಂಗಾಲದ ಸುಮಾರು ಶೇ. 10ನ್ನು ಹೂಳುತ್ತದೆ ಎಂಬ ಅಂದಾಜಿದೆ. ಒಳ್ಳೆಯದೇ. ಆದರೆ ಆ ಲೆಕ್ಕವನ್ನೇ ಮುಂದಿಟ್ಟು ಮಾತಾಡುವುದು ನನಗೆ ಒಗ್ಗುವುದಿಲ್ಲ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ 180 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ‘ಪೊಸಿಡೋನಿಯಾ’ ಹುಲ್ಲು ಒಂದೇ ಗಿಡ ಎಂದು 2022ರಲ್ಲಿ ಗೊತ್ತಾಯಿತು. ಅದರ ವಯಸ್ಸು ಕನಿಷ್ಠ 4,500 ವರ್ಷ ಇರಬೇಕೆನ್ನುತ್ತಾರೆ. ಅದೇ ಕೊಲ್ಲಿಯ ಬಯಲುಗಳಲ್ಲಿ ಸಾವಿರಾರು ಕಡಲಹಸುಗಳು ಮೇಯುತ್ತವೆ. ಇಂಥದ್ದನ್ನು ಉಳಿಸಲು ಟನ್ನಿನ ಲೆಕ್ಕ ತೋರಿಸಲೇಬೇಕೆ?

ನಾವು ಕೇಳಬೇಕಾದದ್ದು ಸಣ್ಣಪುಟ್ಟ, ಅಳೆಯಬಹುದಾದ ಸಂಗತಿಗಳನ್ನು. ಸ್ಪೇನಿನ ಬಲಿಯಾರಿಕ್ ದ್ವೀಪಗಳು 2018ರಲ್ಲಿ ಪೊಸಿಡೋನಿಯಾ ಬಯಲಿನ ಮೇಲೆ ಲಂಗರು ಹಾಕುವುದನ್ನೇ ನಿಷೇಧಿಸಿದವು, ಯಾಕೆಂದರೆ ಲಂಗರು ಕಿತ್ತ ಜಾಗ ತುಂಬಿಕೊಳ್ಳಲು ದಶಕಗಳೇ ಬೇಕು. ಬಂದರಿಗೆ ಹೂಳೆತ್ತಲು ಅನುಮತಿ ಕೊಡುವ ಮೊದಲು ಹತ್ತಿರದ ಹುಲ್ಲಿನ ಮಟ್ಟಕ್ಕೆ ಎಷ್ಟು ಬೆಳಕು ಇಳಿಯುತ್ತಿದೆ ಎಂದು ಅಳೆದು ಪ್ರಕಟಿಸಲಿ. ಕೆಲಸ ನಡೆಯುವಾಗಲೂ ದಿನವೂ ಅಳೆಯಲಿ, ಮಿತಿಗಿಂತ ಕೆಳಗೆ ಬಂದ ದಿನ ಯಂತ್ರ ನಿಲ್ಲಿಸಲಿ. ಆ ಮಿತಿ ಎಷ್ಟೆಂಬುದು ಕೆಲಸ ಶುರುವಾಗುವ ಮೊದಲೇ ಆ ಕೊಲ್ಲಿಯ ಮೀನುಗಾರರಿಗೆ ಗೊತ್ತಿರಲಿ.